ಸಣ್ಣ ನೀರಾವರಿ ಸಚಿವರಿಗೆ: ಬಳ್ಳಾರಿ ಜಾಲಿ ಕೀಳಿಸಿ, ಕರಿಜಾಲಿ ಉಳಿಸಿ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ರೈತ. ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಜಾಲಿ ತೆಗೆಯಲು ಜೆಸಿಬಿ ಬಂತು. ಊರಿಗೆ ಊರೇ ಖುಷಿಪಟ್ಟಿತು. ಕೆರೆ ಅಂಗಳದ ತುಂಬ ಬಳ್ಳಾರಿ ಜಾಲಿ ಹಬ್ಬಿ, ದನ ನೀರಿಗಿಳಿಯಲು ದಾರಿಯೇ ಇರಲಿಲ್ಲ. ಆದರೆ ಸಂಜೆ ಹೊತ್ತಿಗೆ ಕೋಡಿ ಹತ್ತಿರದ ಕರಿಜಾಲಿ ಮರಗಳೂ ಉರುಳಿದ್ದವು. ಒಂದರ ಕೊಂಬೆಯಲ್ಲಿ ಗೀಜಗನ ಹಳೇ ಗೂಡುಗಳು ಹಾಗೇ ಇದ್ದವು. ಜೆಸಿಬಿಯವರನ್ನು ಕೇಳಿದರೆ, "ಎಲ್ಲಾ ಮುಳ್ಳೇ ಅಲ್ವಾ?" ಅಂದರು.

ಎಲ್ಲಾ ಒಂದೇ ಅಲ್ಲ ಸ್ವಾಮಿ.

ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಕುರಿ, ಮೇಕೆ, ದನ ಕಾಯಿ ತಿಂದು ಹಿಕ್ಕೆ, ಸಗಣಿ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಒತ್ತಾಗಿ ಬೆಳೆದರೆ ಅಡಿಯಲ್ಲಿ ಹುಲ್ಲಿಗೂ ಜಾಗವಿಲ್ಲ.

ಕರಿಜಾಲಿ ನಮ್ಮ ಮಣ್ಣಿನದೇ ಮರ. ಕೆರೆ ತುಂಬಿ ಬುಡ ನೀರಲ್ಲಿ ನಿಂತರೂ ತಾಳುತ್ತದೆ, ಕೆರೆ ಒಣಗಿ ಬಿರುಕು ಬಿಟ್ಟರೂ ತಾಳುತ್ತದೆ. ನೇಗಿಲಿಗೆ, ಗಾಡಿ ಗಾಲಿಗೆ ಇದರ ಮರ. ಹಲ್ಲುಜ್ಜಲು ಕಡ್ಡಿ, ತೊಗಲು ಹದ ಮಾಡಲು ತೊಗಟೆ. ಬೇಸಿಗೆಯಲ್ಲಿ ಹುಲ್ಲು ಮುಗಿದಾಗ ಮೇಕೆಗಳು ಇದರ ಕಾಯಿಗೆ ಓಡಿ ಬರುತ್ತವೆ. ದ್ವಿದಳ ಜಾತಿಯ ಮರವಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೂ ಕೊಡುತ್ತದೆ.

ಗುರುತು ಹಿಡಿಯೋದು ಕಷ್ಟವೇನಲ್ಲ. ಕರಿಜಾಲಿಯ ತೊಗಟೆ ಕಪ್ಪು, ಸೀಳು ಸೀಳು. ಕಾಯಿ ಬೂದು ಬಣ್ಣ, ಮಣಿ ಪೋಣಿಸಿದಂತೆ ಬೀಜಬೀಜದ ನಡುವೆ ಕಿರಿದಾಗಿರುತ್ತದೆ. ಹೂವು ಹಳದಿ ಉಂಡೆ. ಬಳ್ಳಾರಿ ಜಾಲಿಯದು ಉದ್ದನೆಯ ತೆನೆಯಂಥ ಹೂವು, ಹಳದಿಗೆ ತಿರುಗುವ ನೀಳ ಕಾಯಿ. ನಮ್ಮ ಕುರಿ ಕಾಯುವ ಹುಡುಗರಿಗೂ ಇದು ಗೊತ್ತು.

ಅದಕ್ಕೇ ಕೇಳುತ್ತಿದ್ದೇನೆ. ಯಂತ್ರ ಇಳಿಸುವ ಮುಂಚೆ ಊರಿನ ಹಿರಿಯರನ್ನೂ ಕುರಿಗಾಹಿಗಳನ್ನೂ ಕರೆದುಕೊಂಡು ಹೋಗಿ, ಉಳಿಸಬೇಕಾದ ಮರಗಳಿಗೆ ಸುಣ್ಣ ಬಳಿಸಿ. ಗುತ್ತಿಗೆಯ ಕರಾರಿನಲ್ಲೇ ಈ ಮಾತು ಇರಲಿ. ಬಳ್ಳಾರಿ ಜಾಲಿಯನ್ನು ಮೇಲೆ ಮೇಲೆ ಕಡಿಸಬೇಡಿ, ಬೇರು ಸಮೇತ ಕೀಳಿಸಿ. ಬುಡ ಬಿಟ್ಟರೆ ಒಂದೇ ಮಳೆಗೆ ಇನ್ನೂ ಜಾಸ್ತಿ ಚಿಗುರುತ್ತದೆ. ಕಿತ್ತ ಸೌದೆ ಊರಿನ ಬಡವರಿಗೇ ಸಿಗಲಿ. ಎಷ್ಟೋ ಮನೆಗಳ ಒಲೆ ಉರಿಯೋದು ಅದರಿಂದಲೇ. ಖಾಲಿಯಾದ ಜಾಗದಲ್ಲಿ ಅದೇ ಮಳೆಗಾಲಕ್ಕೆ ಕರಿಜಾಲಿ ಸಸಿ ನೆಡಿಸಿ. ಸುಮ್ನೆ ಬಿಟ್ಟರೆ ಬಳ್ಳಾರಿ ಜಾಲಿಯೇ ವಾಪಸ್ ಬರುತ್ತದೆ.

ನಮ್ಮ ಕೆರೆಯ ಕೆಳಗೆ ಇನ್ನೂ ಎರಡು ಕೆರೆಗಳಿವೆ. ಎರಡರ ಏರಿಯ ಮೇಲೂ ಕರಿಜಾಲಿ ಇದೆ. ಜೆಸಿಬಿ ಇನ್ನೂ ಅಲ್ಲಿಗೆ ಬಂದಿಲ್ಲ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ರೈತ