ಇಬ್ಬರು ಗುರುಗಳು, ಒಂದು ಮೊಣಕಾಲು

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕರಾಟೆಯ ಜೊತೆಗೆ ಜೂಡೊ ತರಗತಿಗೂ ಸೇರಿರುವೆಯೆಂದು ನಿನ್ನ ಅಪ್ಪ ಮೊದಲೇ ಹೇಳಿದ್ದ. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಮೊಣಕಾಲು ಒಮ್ಮೊಮ್ಮೆ ಕೈಕೊಡುತ್ತದೆ, ಇಬ್ಬರು ಗುರುಗಳಿಗೂ ಹೇಳಿಲ್ಲ ಎಂದು ಬರೆದು, ಮರುಸಾಲಿನಲ್ಲೇ ಹಾಸ್ಟೆಲಿನ ಊಟದ ಸುದ್ದಿಗೆ ಹೋಗಿಬಿಟ್ಟಿದ್ದೀಯಲ್ಲ, ಅಲ್ಲಿಂದ ಮುಂದಿನದು ನನ್ನ ತಲೆಗೆ ಹತ್ತಲಿಲ್ಲ.

1882ರಲ್ಲಿ ಜೂಡೊ ಕಟ್ಟಿದ ಜಿಗೊರೊ ಕಾನೊ ಅವರೇ ಜುಜುತ್ಸು ಎಂಬ ಜಪಾನಿನ ಹಳೆಯ ಕಾಳಗ ಕಲೆಯ ಎರಡು ಪರಂಪರೆಗಳಲ್ಲಿ ಪಳಗಿದವರು. ಆದರೂ ಅವರು ಮೊದಲನೆಯದರ ಗುರುಗಳು ತೀರಿಕೊಂಡ ಮೇಲೆ ಎರಡನೆಯದಕ್ಕೆ ಹೋದವರು. ನಿನ್ನಂತೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂದು ಓಡಿದವರಲ್ಲ. ಕರಾಟೆ ಗುರುಗಳಿಗೆ ತಮ್ಮ ತರಗತಿಯ ದಣಿವು ಕಾಣುತ್ತದೆ, ಜೂಡೊ ಗುರುಗಳಿಗೆ ತಮ್ಮದು. ಎರಡನ್ನೂ ಹೊರುವ ಕಾಲು ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ. ಮವಾಶಿ ಗೇರಿ, ಅಂದರೆ ಕಾಲನ್ನು ಸುತ್ತಿ ಬೀಸುವ ಆ ಒದೆತ, ಒದೆಯುವಾಗ ಊರಿದ ಪಾದ ತಿರುಗದಿದ್ದರೆ ಮೊಣಕಾಲು ತಿರುಚುತ್ತದೆ. ಸಂಜೆ ಅದೇ ಕಾಲು ಜೂಡೊ ಮ್ಯಾಟಿಗೆ ಕಚ್ಚಿಕೊಂಡು, ಎದುರಾಳಿಯ ಭಾರವೂ ಅದರ ಮೇಲೆ ಬಿದ್ದರೆ ಒಳಗಿನ ಲಿಗಮೆಂಟ್ ಹರಿಯಲು ಎಷ್ಟು ಹೊತ್ತು? ನಮ್ಮ ಕುಸ್ತಿಯಂತೆ ಕಾಲಿಗೆ ಕೈ ಹಾಕುವುದು ಜೂಡೊದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಿಷಿದ್ಧ, ನಿಜ. ಕಾಲಿನಿಂದ ಕಾಲನ್ನು ಸೆಳೆದು ಕೆಡವುವುದು ಇದ್ದೇ ಇದೆಯಲ್ಲ.

ನನ್ನ ಗರಡಿಯ ಕಥೆಗಳು ನಿಮಗೆಲ್ಲ ಬಾಯಿಪಾಠ, ನನ್ನ ಜೊತೆಗಾರನದೊಂದು ಮಾತ್ರ ನಾನು ಹೇಳಿರಲಾರೆ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯ ಕುಸ್ತಿ ಹತ್ತಿರ ಬಂದಿತ್ತು. ಬಸ್ಕಿ ಹೊಡೆಯುವಾಗ ಅವನು ತೊಡೆಗೆ ಕೈ ಊರಿ ಏಳುತ್ತಿದ್ದ. ಉಸ್ತಾದರು ಇತ್ತ ತಿರುಗಿದೊಡನೆ ಕೈ ತೆಗೆಯುತ್ತಿದ್ದ. ಜಾತ್ರೆಗೆ ಮುಂಚೆಯೇ, ಅಭ್ಯಾಸದಲ್ಲಿ, ಅವನ ಕಾಲು ತಿರುಚಿತು. ಉಸ್ತಾದರು ಬೈಯಲಿಲ್ಲ. ಮೊದಲೇ ಹೇಳಿದ್ದರೆ ಅಖಾಡಕ್ಕೆ ಇಳಿಸದೆ ಗದೆ ತಿರುಗಿಸಲು ಬಿಡುತ್ತಿದ್ದೆನಲ್ಲೋ ಎಂದರು. ಅವನು ಈಗಲೂ ಅಡಿಕೆ ತೋಟದ ದರೆ ಇಳಿಯುವಾಗ ಅಡ್ಡಡ್ಡ ಹೆಜ್ಜೆ ಹಾಕುತ್ತಾನೆ. ಅವನಷ್ಟು ಸರಿಜೋಡಿ ನನಗೆ ಮತ್ತೆ ಸಿಗಲಿಲ್ಲ. ಆ ಕೊರಗು ಇಷ್ಟು ವಯಸ್ಸಾದರೂ ಹೋಗಿಲ್ಲ.

ಆದ್ದರಿಂದ ಇಬ್ಬರಿಗೂ ಹೇಳು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಮುಚ್ಚಿಟ್ಟರೆ ಹೇಳದಂತೆಯೇ. ಬೆಲ್ಟ್ ಪರೀಕ್ಷೆ ಮುಂದಿನ ಸಲವೂ ಇರುತ್ತದೆ. ಸದ್ಯಕ್ಕೆ ಯಾವುದನ್ನು ಬದಿಗಿಡಬೇಕೆಂದು ಕುಸ್ತಿಯವನಾದ ನಾನು ಹೇಳುವುದು ಅಧಿಕಪ್ರಸಂಗವಾದೀತು, ಆದರೂ ಬೀಳುವ ಅಭ್ಯಾಸ, ನೀವು ಉಕೆಮಿ ಎನ್ನುತ್ತೀರಲ್ಲ ಅದು, ಚೆನ್ನಾಗಿ ಕೂರುವವರೆಗೆ ಎದುರಾಳಿಯೊಡನೆ ಸೆಣಸದಿದ್ದರೆ ನನಗೆ ನೆಮ್ಮದಿ. ಎಣ್ಣೆ ತಿಕ್ಕಿಕೊಂಡು ಕೂರಬೇಡ; ಮೂಳೆ ಡಾಕ್ಟರಿಗೆ ತೋರಿಸು. ಖರ್ಚಿಗೆ ಹಿಂಜರಿಯುವೆಯಾದರೆ ನಾನಿದ್ದೇನೆ.

ನಿನ್ನ ಅಮ್ಮನಿಗೆ ನಾನಿನ್ನೂ ಹೇಳಿಲ್ಲ, ನೀನೇ ಹೇಳುವುದು ಲೇಸು. ಅಂದ ಹಾಗೆ ಯಾವ ಕಾಲೆಂದೇ ನೀನು ಬರೆದಿಲ್ಲ. ಎಡವೋ ಬಲವೋ, ಮೆಟ್ಟಿಲು ಹತ್ತುವಾಗ ನೋಯುತ್ತದೆಯೋ ಇಳಿಯುವಾಗಲೋ, ರಾತ್ರಿ ಊತ ಇರುತ್ತದೆಯೋ, ಇಷ್ಟನ್ನು ಕೂಡಲೇ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ