ಊಟದ ಬಿಡುವಿಗೂ ಒಂದು ಲೆಕ್ಕವಿದೆ

ಸಂಪಾದಕರಿಗೆ,

ಆಸ್ಪತ್ರೆಯ ಚೀಟಿ ಕೌಂಟರ್ ಇರಲಿ, ಬಿಲ್ ಕಟ್ಟುವ ಕೌಂಟರ್ ಇರಲಿ, ಸಾಲು ಉದ್ದವಾದಾಗ ಬರುವ ಉತ್ತರ ಒಂದೇ: ‘ಸಿಬ್ಬಂದಿ ಕೊರತೆ’. ಎಷ್ಟೋ ಕಡೆ ಅದು ನಿಜವೇ. ಆದರೆ ಇರುವವರೆಲ್ಲ ಒಟ್ಟಿಗೆ ಊಟಕ್ಕೆ ಎದ್ದರೆ ಹೊಸ ನೇಮಕಾತಿಯಿಂದಲೂ ಸಾಲು ಕರಗದು.

ಒಬ್ಬರ ಚೀಟಿಗೆ ಸರಾಸರಿ 3 ನಿಮಿಷ, ಗಂಟೆಗೆ 70 ಮಂದಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಟೆಲಿಫೋನ್ ಕೇಂದ್ರಗಳಿಗಾಗಿ ಕೊಟ್ಟ ಸೂತ್ರದ ಪ್ರಕಾರ, 5 ಕೌಂಟರ್ ತೆರೆದಿದ್ದರೆ ಸರಾಸರಿ ಕಾಯಬೇಕಾದದ್ದು 45 ಸೆಕೆಂಡು; 4 ಇದ್ದರೆ ಸುಮಾರು ನಾಲ್ಕೂವರೆ ನಿಮಿಷ. 3 ಇದ್ದರೆ ಸೂತ್ರವೇ ಬೇಡ, ಸಾಲು ಗಂಟೆಗೆ 10 ಜನರಂತೆ ಬೆಳೆಯುತ್ತಲೇ ಹೋಗುತ್ತದೆ. ಇನ್ನು ಐದೂ ಕೌಂಟರ್ 1.30ಕ್ಕೆ ಮುಚ್ಚಿ 2ಕ್ಕೆ ತೆರೆದರೆ? ಅಷ್ಟರಲ್ಲಿ 35 ಮಂದಿ ಸೇರಿರುತ್ತಾರೆ. ಗಂಟೆಗೆ 100 ಚೀಟಿ ಕೊಟ್ಟರೂ ಹೊಸದಾಗಿ 70 ಮಂದಿ ಬರುತ್ತಿರುವುದರಿಂದ ಆ ಸಾಲು ಕರಗುವುದು 3.10ಕ್ಕೆ. ಅದೇ ಐವರು 11.30ರಿಂದ 2ರವರೆಗೆ ಒಬ್ಬೊಬ್ಬರಾಗಿ ಊಟ ಮಾಡಿದರೆ ನಾಲ್ಕು ಕೌಂಟರ್ ಸದಾ ತೆರೆದಿರುತ್ತವೆ.

ಇದು ಹೊಸ ವಿದ್ಯೆಯೇನಲ್ಲ. ನ್ಯೂಯಾರ್ಕಿನ ಟೋಲ್ ಕಟ್ಟೆಗಳಿಗೆ ಎಷ್ಟು ಸಿಬ್ಬಂದಿ ಬೇಕು, ಅವರಿಗೆ ಬಿಡುವು ಯಾವಾಗ ಎಂದು ಅಲ್ಲಿನ ಬಂದರು ಪ್ರಾಧಿಕಾರದ ಲೆಸ್ಲಿ ಈಡಿ 1954ರಲ್ಲೇ ಲೆಕ್ಕ ಹಾಕಿದ್ದರು. ಅದೇ ವರ್ಷ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಅದನ್ನು ‘ಲೀನಿಯರ್ ಪ್ರೋಗ್ರಾಮಿಂಗ್’ ಎಂಬ ಲೆಕ್ಕದ ರೂಪಕ್ಕೆ ತಂದರು: ಪ್ರತಿ ಪಾಳಿಗೆ ಎಷ್ಟು ಜನ ಎಂಬುದು ಅಜ್ಞಾತ, ಪ್ರತಿ ಅವಧಿಯಲ್ಲೂ ಬೇಕಾದಷ್ಟು ಮಂದಿ ಕೆಲಸದಲ್ಲಿರಬೇಕೆಂಬುದು ನಿಬಂಧನೆ, ಒಟ್ಟು ಸಂಖ್ಯೆ ಕನಿಷ್ಠವಾಗಿರಬೇಕು.

ತೊಡಕು ಬರುವುದು ಬಿಡುವಿನಲ್ಲೇ. ಪಾಳಿ ಶುರುವಾಗುವ ಸಮಯ 5 ಬಗೆ, ಊಟಕ್ಕೆ 5, ಎರಡು ಚಹಾಕ್ಕೆ ತಲಾ 4 ಆಯ್ಕೆ ಎಂದರೆ 400 ಅಜ್ಞಾತಗಳಾದವು. ಇಂಥ ಲೆಕ್ಕ ಬಿಡಿಸಲು ಎಕ್ಸೆಲ್‌ನಲ್ಲೇ ಇರುವ ‘ಸಾಲ್ವರ್’ ಎಂಬ ಸಾಧನ 200 ಅಜ್ಞಾತಗಳಿಗೆ ನಿಲ್ಲುತ್ತದೆ. ಆದರೆ ‘9ರ ಪಾಳಿಯವರಲ್ಲಿ 1 ಗಂಟೆಗೆ ಊಟಕ್ಕೆ ಹೋಗುವವರು ಎಷ್ಟು’ ಎಂದು ಪಾಳಿ, ಊಟ, ಚಹಾಗಳನ್ನು ಬೇರೆ ಬೇರೆ ಎಣಿಸಿದರೆ 70 ಸಾಕು. ಪ್ರತಿ ಪಾಳಿಯಲ್ಲಿ ಊಟಕ್ಕೆ ಹೋದವರ ಒಟ್ಟು ಸಂಖ್ಯೆ ಆ ಪಾಳಿಯ ಜನರಷ್ಟೇ ಇರಬೇಕು, ಎರಡು ಚಹಾಗಳಿಗೂ ಹಾಗೆಯೇ. ಯಾರಿಗೆ ಯಾವ ಬಿಡುವು ಎಂಬುದನ್ನು ಆಮೇಲೆ ಹಂಚಬಹುದು, ಊಟದ ಮತ್ತು ಚಹಾದ ಅವಧಿಗಳು ಒಂದರ ಮೇಲೊಂದು ಬೀಳದಂತೆ ಮೊದಲೇ ಗೊತ್ತುಮಾಡಿದ್ದರೆ.

ಕಾಗದದ ಮೇಲೆ ಸರಿಯಿದ್ದ ಪಟ್ಟಿ ಕೌಂಟರಿನಲ್ಲಿ ಮುರಿಯುವುದು ಸಣ್ಣ ಕಾರಣಗಳಿಗೆ. ಊಟಕ್ಕೆ ಏಳುವ ಮೊದಲು ನಗದು ತಾಳೆ ಹಾಕಲು 10 ನಿಮಿಷ ಬೇಕು. ಹಾಗಾಗಿ ಅರ್ಧ ಗಂಟೆಯ ಊಟಕ್ಕೆ ಕೌಂಟರ್ 40 ನಿಮಿಷ ಮುಚ್ಚಿರುತ್ತದೆ. ದಿನವನ್ನು 15 ನಿಮಿಷದ ತುಂಡುಗಳಾಗಿ ಎಣಿಸುವ ಪಟ್ಟಿಯಲ್ಲಿ ಅದನ್ನು 45 ಎಂದೇ ಬರೆಯಬೇಕು. 30 ಎಂದು ಬರೆದರೆ ಒಬ್ಬರು ಮರಳುವ ಮೊದಲೇ ಇನ್ನೊಬ್ಬರು ಏಳುತ್ತಾರೆ, ತೆರೆದಿರುವುದು ಮೂರೇ. ಎಲ್ಲರೂ 8ಕ್ಕೇ ಬಂದರೆ 5 ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದೆಂಬ ನಿಯಮವಿರುವ ಕಡೆ ಎಲ್ಲರ ಊಟವೂ 1ರೊಳಗೆ ಶುರುವಾಗಬೇಕು. ಬಿಡುವನ್ನು ಚದುರಿಸಲು ಬರುವ ಸಮಯವನ್ನೇ ಚದುರಿಸಬೇಕು. ‘ಇಷ್ಟು ಮಂದಿ ಇರಲೇಬೇಕು’ ಎಂದು ಹಟ ಹಿಡಿದರೆ ಒಬ್ಬರು ರಜೆ ಹಾಕಿದ ದಿನ ಉತ್ತರವೇ ಸಿಗುವುದಿಲ್ಲ. ಕೊರತೆಗೆ ಅವಕಾಶ ಕೊಟ್ಟು, ಕಡಿಮೆಯಾದ ಪ್ರತಿಯೊಬ್ಬರಿಗೂ ಲೆಕ್ಕದಲ್ಲಿ ದಂಡದ ಅಂಕ ಸೇರಿಸುವುದು ಜಾಣತನ.

ಟೋಕನ್ ಯಂತ್ರಗಳಲ್ಲಿ ಸಮಯ ದಾಖಲಾಗಿದ್ದರೆ ನಾಲ್ಕು ವಾರದ ಮಾಹಿತಿ ತೆಗೆದು, ಸೋಮವಾರವನ್ನು ಬೇರೆ ಇಟ್ಟು, 15 ನಿಮಿಷಕ್ಕೆ ಎಷ್ಟು ಮಂದಿ ಬರುತ್ತಾರೆಂದು ಎಣಿಸಲಿ. ದಿನದ ಸರಾಸರಿ ಹಿಡಿದು ಮಾಡಿದ ಪಟ್ಟಿ ಬೆಳಿಗ್ಗೆಯ ನೂಕುನುಗ್ಗಲಿಗೆ ಸಾಲದು, ಸಂಜೆಗೆ ಹೆಚ್ಚಾಗುತ್ತದೆ.

– ಗಣಿತ ಅಧ್ಯಾಪಕ, ಮೈಸೂರು