ತೂಕ ಹಾಕುವುದು, ತೂಕ ಇಳಿಸುವುದು

ಗೆಳೆಯಾ,

ನೀನು ಪ್ರಿಂಟ್ ಹಾಕಿಸಿ ತಂದುಕೊಟ್ಟ ಇಪ್ಪತ್ತೊಂದು ದಿನಗಳ ಜ್ಯೂಸ್ ಪಟ್ಟಿ ಕೈ ಸೇರಿ ಆರು ವಾರ ಮೇಲಾಯಿತು. ಅದರ ಪ್ರಕಾರ ನಡೆದಿದ್ದರೆ ಇಷ್ಟೊತ್ತಿಗೆ ಎಂಟು ಕಿಲೋ ಇಳಿದು, ಹಳೇ ಪ್ಯಾಂಟು ಹಾಕಿಕೊಂಡು ನಿನಗೊಂದು ಫೋಟೊ ಕಳಿಸಬೇಕಿತ್ತು. ಫೋಟೊ ಇಲ್ಲ. ಪಟ್ಟಿಯನ್ನು ನಾಲ್ಕು ಮಡಿಕೆ ಮಡಚಿ ನನ್ನ ಮೇಜಿನ ಕುಂಟು ಕಾಲಿನ ಕೆಳಗೆ ಇಟ್ಟಿದ್ದೇನೆ. ಮೇಜಿನ ಕುಂಟಂತೂ ವಾಸಿಯಾಗಿದೆ.

ಕೋಪ ಮಾಡಿಕೊಳ್ಳಬೇಡ. ನೀನು ಪ್ರೀತಿಯಿಂದಲೇ ಕೊಟ್ಟದ್ದು ಅಂತ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನೀನು ಮಧ್ಯೆ ಮಧ್ಯೆ ನಗಿಸಿಬಿಡುತ್ತೀಯ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿದ್ದ ಕಥೆ ನಿನಗೆ ಗೊತ್ತಿರುವುದೇ. ಬಲ್ಬ್ ಬದಲಿಸಲು ಏಣಿ ಹತ್ತಿದೆ, ಏಣಿ ಜಾರಿತು, ನಾನು ಅದಕ್ಕಿಂತ ಮೊದಲು ನೆಲ ಸೇರಿದೆ. ಒಡೆದದ್ದು ಮೊಣಕಾಲು ಕೂರುವ ಪೀಠ, ಅಂದರೆ ಕೆಳಗಾಲಿನ ದೊಡ್ಡ ಎಲುಬಿನ ತಲೆ. ಒಂದು ಪ್ಲೇಟು, ಏಳು ಸ್ಕ್ರೂ. ಹನ್ನೊಂದು ವಾರ ಎಡಗಾಲು ನೆಲಕ್ಕೆ ತಾಗಬಾರದು ಎಂದರು. ಬೀಳುವಾಗ 84 ಕಿಲೋ ಇದ್ದವನು ಏಳುವಾಗ 97 ಆಗಿದ್ದೆ.

ನೀನು ನೋಡಲು ಬಂದ ದಿನ ಬಾಗಿಲಲ್ಲೇ ನಿಂತು ಕೇಳಿದೆಯಲ್ಲ, "ಏನೋ, ಪ್ಲೇಟ್ ಹಾಕಿದ್ದು ಕಾಲಿಗೋ ಹೊಟ್ಟೆಗೋ?" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಈಗಲೂ ನಗು ಬರುತ್ತದೆ. ಆದರೆ ಅದಾದ ಮೇಲೆ ಒಂದು ತಿಂಗಳು ನಿನ್ನ ಫೋನು ಎತ್ತಲಿಲ್ಲ ನೋಡು, ಚಾರ್ಜ್ ಇರಲಿಲ್ಲ ಅಂದದ್ದು ಸುಳ್ಳು. ಈಗ ಹೇಳಿಬಿಟ್ಟೆ, ಅಲ್ಲಿಗೆ ಮುಗಿಯಿತು.

ಹದಿಮೂರು ಕಿಲೋ ಎಲ್ಲಿಂದ ಬಂತು ಅಂತ ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ಹೊಟ್ಟೆಬಾಕನಾಗಿ ತಿಂದೆ ಅನ್ನುವುದು ಪೂರ್ತಿ ನಿಜವಲ್ಲ. ಓಡಾಡುತ್ತಿದ್ದವನು ಹಾಸಿಗೆ ಹಿಡಿದೆ, ತಟ್ಟೆ ಮಾತ್ರ ಓಡಾಡುತ್ತಿದ್ದ ಕಾಲದ್ದೇ ಆಗಿ ಉಳಿಯಿತು. ನೋಡಲು ಬಂದವರು ಯಾರೂ ಬರಿಗೈಲಿ ಬರಲಿಲ್ಲ. ನರದ ನೋವಿಗೆ ಕೊಟ್ಟ ಪ್ರೆಗಾಬಲಿನ್ ಮಾತ್ರೆಯೂ ಕೆಲವರಲ್ಲಿ ತೂಕ ಏರಿಸುತ್ತದಂತೆ. ಅದು ಗೊತ್ತಾದಾಗ ಥಟ್ಟನೆ ನಿಲ್ಲಿಸಿಬಿಡೋಣ ಅನ್ನಿಸಿತ್ತು. ಡಾಕ್ಟರು ಹಾಗೆಲ್ಲ ಒಮ್ಮೆಲೇ ಬಿಡಬಾರದು ಎಂದು ಬೈದು, ಸ್ವಲ್ಪ ಸ್ವಲ್ಪವಾಗಿ ಇಳಿಸಿದರು.

ಇನ್ನೊಂದು ಕಾರಣ ಯಾರ ತಲೆಗೂ ಹೊಳೆಯುವುದಿಲ್ಲ. ಎರಡು ಕೈಯಲ್ಲೂ ಊರುಗೋಲು ಇರುವವನು ತಟ್ಟೆ ಹಿಡಿದು ನಡೆಯಲಾರ. ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಗೆ ಹೋದರೆ, ಏನಿದ್ದರೂ ಕಟ್ಟೆಗೆ ಒರಗಿ ಅಲ್ಲೇ ತಿನ್ನಬೇಕು. ಪಾತ್ರೆಯಿಂದ, ಡಬ್ಬದಿಂದ, ನೇರವಾಗಿ. ಎಷ್ಟು ತಿಂದೆ ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮತ್ತೆ ಅಷ್ಟು ದೂರ ಕುಂಟಿಕೊಂಡು ಯಾರು ಬರುತ್ತಾರೆ ಅಂತ ಮುಂದಿನ ಹಸಿವಿಗೂ ಸೇರಿಸಿ ತಿಂದುಬಿಡುತ್ತಿದ್ದೆ. ಈಗ ನಾನು ಹಾಕಿಕೊಂಡ ಮೊದಲ ನಿಯಮ ಇದೊಂದೇ: ಕೂತು ತಿನ್ನಬೇಕು, ತಟ್ಟೆಯಲ್ಲಿ ತಿನ್ನಬೇಕು. ಕೇಳಿದರೆ ಮಕ್ಕಳಿಗೆ ಹೇಳುವ ಮಾತಿನ ಹಾಗಿದೆ, ನಿನ್ನ ಪಟ್ಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ.

ತೂಕದ ಯಂತ್ರದ ಕಥೆ ನಿನಗೆ ಹೇಳಿಲ್ಲ ಅಲ್ಲವೇ? ಹನ್ನೆರಡನೇ ವಾರ ಎಕ್ಸರೇ ನೋಡಿ, ಇನ್ನು ಕಾಲಿಗೆ ಸ್ವಲ್ಪ ಸ್ವಲ್ಪ ತೂಕ ಹಾಕಬಹುದು ಎಂದರು. ಸ್ವಲ್ಪ ಎಂದರೆ ಎಷ್ಟು? ಫಿಸಿಯೋ ಹುಡುಗಿ ಮೂಲೆಯಿಂದ ಒಂದು ತೂಕದ ಯಂತ್ರ ತಂದಳು. ನನಗೆ ಎದೆ ಧಸಕ್ಕೆಂದಿತು. ಇವತ್ತು ಮಾನ ಹೋಯಿತು ಅಂದುಕೊಂಡೆ. ಅವಳು ಯಂತ್ರವನ್ನು ಎಡಗಾಲಿನ ಕೆಳಗೆ ಮಾತ್ರ ಇಟ್ಟಳು. ಬಲಗಾಲಿನ ಕೆಳಗೆ ಅಷ್ಟೇ ಎತ್ತರದ ಮಣೆ. "ಸಾರ್, ಮುಳ್ಳು ಹದಿನೈದಕ್ಕೆ ಬರೋವರೆಗೆ ಒತ್ತಿ. ಜಾಸ್ತಿ ಬೇಡ. ಆ ಒತ್ತಡ ಹೇಗಿರುತ್ತೆ ಅಂತ ಕಾಲಿಗೆ ನೆನಪಿರಬೇಕು."

ಹದಿನೈದು ಕಿಲೋ, ಮಾರಾಯ. ಒಂದು ನೀರಿನ ಕೊಡದ ಭಾರ. ಮುಳ್ಳು ಆರಕ್ಕೆ ಬಂದು ನಿಂತಿತು. ನೋವಿಗಿಂತ ಹೆದರಿಕೆ ಹೆಚ್ಚು. ಒಳಗೆ ಗಾಜಿನ ಲೋಟವಿದೆ, ಇನ್ನೊಂದು ಚೂರು ಒತ್ತಿದರೆ ಸಿಡಿಯುತ್ತದೆ ಅನ್ನುವ ಹಾಗೆ. ಬೆವರು ಇಳಿಯಿತು. ಎಂಟಾಯಿತು, ಹನ್ನೊಂದಾಯಿತು. ತೂಕದ ಯಂತ್ರದ ಮೇಲೆ ನಿಂತು ಮುಳ್ಳು ಮೇಲೇರಲಿ ದೇವರೇ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು.

ಅಲ್ಲಿಂದ ವಾರ ವಾರ ಅಂಕಿ ಏರಿಸಿದರು. ಇಪ್ಪತ್ತೈದು, ನಲವತ್ತು, ಅರವತ್ತು. ಕೊನೆಗೊಂದು ದಿನ ಮಣೆ ತೆಗೆದು, ಎರಡೂ ಕಾಲು ಯಂತ್ರದ ಮೇಲಿಡಿ ಎಂದಳು. 97. ಅವಳು ಏನೂ ಹೇಳಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಟೇಪು ತಂದು ಎರಡೂ ತೊಡೆಯ ಸುತ್ತಳತೆ ತೆಗೆದಳು. ಎಡತೊಡೆ ಬಲತೊಡೆಗಿಂತ ಐದು ಸೆಂಟಿಮೀಟರ್ ಕಡಿಮೆ. ಮೈಯೆಲ್ಲ ಉಬ್ಬಿದ್ದರೂ ಬೇಕಾದ ಕಡೆ ನಾನು ಬಡವನಾಗಿದ್ದೆ. ಅಲುಗಾಡದ ಸ್ನಾಯು ಕರಗಲು ತಿಂಗಳುಗಟ್ಟಲೆ ಬೇಡ, ಒಂದೆರಡು ವಾರ ಸಾಕು. ಗಾತ್ರಕ್ಕಿಂತ ಮುಂಚೆ ಬಲ ಹೋಗುತ್ತದೆ.

ಜ್ಯೂಸಿನ ವಿಷಯಕ್ಕೆ ಬರುತ್ತೇನೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎಂಟು ಕಿಲೋ ಕೊಬ್ಬನ್ನು ಇಪ್ಪತ್ತೊಂದು ದಿನದಲ್ಲಿ ಕರಗಿಸಬೇಕಾದರೆ ದಿನಕ್ಕೆ 2,900ಕ್ಕೂ ಹೆಚ್ಚು ಕ್ಯಾಲೊರಿ ಕೊರತೆ ಬೀಳಬೇಕು. ಕುಂಟುತ್ತಾ ಮನೆಯೊಳಗೇ ಇರುವ ನಾನು ಬರೀ ಗಾಳಿ ಕುಡಿದುಕೊಂಡಿದ್ದರೂ ದಿನಕ್ಕೆ ಅಷ್ಟು ಸುಡುವುದಿಲ್ಲ. ಹಾಗಾದರೆ ಆ ಪಟ್ಟಿ ಹಿಡಿದವರಿಗೆ ತೂಕ ಇಳಿಯುವುದು ಸುಳ್ಳೇ? ಸುಳ್ಳಲ್ಲ. ದೇಹ ಗ್ಲೈಕೋಜನ್ ಅಂತ ಸಕ್ಕರೆ ಕೂಡಿಡುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಹೋಗುವುದು ಬಹುಪಾಲು ಅದೇ. ಆಮೇಲೆ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ, ನನ್ನ ಹತ್ತಿರ ಮೊದಲೇ ಐದು ಸೆಂಟಿಮೀಟರ್ ಸಾಲ ಇದೆ. ಎಲುಬು ಇನ್ನೂ ಕೂಡಿಕೊಳ್ಳುತ್ತಿರುವಾಗ ಪ್ರೊಟೀನ್ ನಿಲ್ಲಿಸುವುದೆಂದರೆ ಗೋಡೆ ಅರ್ಧ ಎದ್ದಿರುವಾಗ ಸಿಮೆಂಟ್ ಲಾರಿ ವಾಪಸ್ ಕಳಿಸಿದ ಹಾಗೆ.

ಹಸಿವಿನ ಬಗ್ಗೆ ಓದುತ್ತಾ ಹೋದಾಗ ಒಂದು ಹಳೇ ಪ್ರಯೋಗ ಸಿಕ್ಕಿತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎನ್ನುವವರು 36 ಜನ ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಎಲ್ಲರೂ ತಾವಾಗಿಯೇ ಒಪ್ಪಿ ಬಂದವರು. ಅವರ ತೂಕದಲ್ಲಿ ಹತ್ತಿರಹತ್ತಿರ ಕಾಲುಭಾಗ ಇಳಿಯಿತು. ಜೊತೆಗೆ ಸ್ನಾಯು ಇಳಿಯಿತು, ಉತ್ಸಾಹ ಇಳಿಯಿತು, ಸಿಡುಕು ಏರಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ. ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕ ಕೂಡಿಹಾಕುತ್ತಿದ್ದರು. ಅವರಿಗೆ ಕೊಟ್ಟ ಊಟ ದಿನಕ್ಕೆ ಸುಮಾರು 1,570 ಕ್ಯಾಲೊರಿ. ನಿನ್ನ ಪಟ್ಟಿಯನ್ನು ಕೂಡಿಸಿ ನೋಡಿದೆ, ಅದರ ಅರ್ಧವೂ ಬರಲಿಲ್ಲ. ಮನೆಯವರ ಮೇಲೆ ನಾನು ಮೊದಲೇ ಸಾಕಷ್ಟು ಸಿಡುಕುತ್ತಿದ್ದೇನೆ.

ನಾನು ಮಾಡುತ್ತಿರುವುದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಸರ್ಜನ್‌ನ ಕೇಳಿಯೇ ಶುರು ಮಾಡಿದೆ. ಡಯಟೀಶಿಯನ್ ಈಗಿನ ಊಟದಿಂದ ದಿನಕ್ಕೆ ನಾನೂರು ಐನೂರು ಕ್ಯಾಲೊರಿಗಿಂತ ಜಾಸ್ತಿ ಕಡಿತ ಮಾಡಬೇಡಿ ಎಂದರು. ಮೂತ್ರಪಿಂಡದ ಪರೀಕ್ಷೆ ಮಾಡಿಸಿ ನೋಡಿ, ಪ್ರೊಟೀನನ್ನು ಮಾತ್ರ ಮೊದಲಿಗಿಂತ ಹೆಚ್ಚಿಸಿದರು. ಮೂರು ಹೊತ್ತೂ ತಟ್ಟೆಯಲ್ಲಿ ಅದು ಇರಬೇಕು, ಒಂದೇ ಹೊತ್ತಿಗೆ ತುಂಬಿಕೊಳ್ಳುವುದಲ್ಲ. ಸಕ್ಕರೆ ಪಾನೀಯ ಬಂದ್. ಇಷ್ಟೇ. ಆರು ತಿಂಗಳಿಗೆ ಐದು ಕಿಲೋ ಇಳಿದರೆ ಒಳ್ಳೆಯದೇ ಎಂದಾಗ ನನಗೂ ಅವಮಾನವಾದಂತಾಯಿತು. ಬರೀ ಐದಾ?

ವ್ಯಾಯಾಮದಲ್ಲಿ ಒಂದು ಮಜಾ ಇದೆ ಕೇಳು. ಎಡಗಾಲನ್ನು ಮುಟ್ಟುವಂತಿರಲಿಲ್ಲವಲ್ಲ, ಆಗ ಫಿಸಿಯೋ ಬಲಗಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿಸುತ್ತಿದ್ದಳು. ಮುರಿದದ್ದು ಆ ಕಾಲು, ಶಿಕ್ಷೆ ಈ ಕಾಲಿಗೆ ಯಾಕಮ್ಮ ಎಂದೆ. ಒಂದು ಕಡೆ ಬಲ ಕಟ್ಟಿದರೆ ಇನ್ನೊಂದು ಕಡೆಗೂ ಸ್ವಲ್ಪ ದಾಟುತ್ತದೆ ಸಾರ್ ಎಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ 1894ರಲ್ಲೇ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ ಇದನ್ನು ತೋರಿಸಿದ್ದರಂತೆ, ಒಂದು ಕೈಗೆ ಅಭ್ಯಾಸ ಮಾಡಿಸಿ ಇನ್ನೊಂದು ಕೈಯ ಬಲ ಅಳೆದು. ಸ್ನಾಯು ಬೆಳೆಯುವುದಲ್ಲ, ನರಗಳು ಕಲಿಯುವುದು. ಕೂತಲ್ಲೇ ಕೂತಿದ್ದ ಆ ಹನ್ನೊಂದು ವಾರದಲ್ಲಿ ನನ್ನ ಎಡಗಾಲಿಗೆ ಬಲಗಾಲು ಪಾಠ ಹೇಳುತ್ತಿತ್ತು ಅಂತ ಆಯಿತು.

ಈಗ ದಿನ ಬಿಟ್ಟು ದಿನ ಎದೆಮಟ್ಟದ ನೀರಿನಲ್ಲಿ ನಡೆಯುತ್ತೇನೆ. ಅಷ್ಟು ನೀರಿನಲ್ಲಿ ಮೈಭಾರದ ಅರ್ಧಕ್ಕಿಂತ ಹೆಚ್ಚನ್ನು ನೀರೇ ಹೊರುತ್ತದೆ. ನೀರಿಗೆ ಇಳಿದ ಮೊದಲ ದಿನ ಕುಂಟದೆ ಹತ್ತು ಹೆಜ್ಜೆ ಹಾಕಿದೆ. ಕಣ್ಣಲ್ಲಿ ನೀರು ಬಂತು, ಯಾರಿಗೂ ಕಾಣಲಿಲ್ಲ, ಅದೊಂದು ಅನುಕೂಲ. ಬನಿಯನ್ನು ಹಾಕಿಕೊಂಡೇ ಇಳಿದಿದ್ದೆ, ಹೊಟ್ಟೆ ತೋರಿಸಲು ನಾಚಿಕೆ. ಪಕ್ಕದಲ್ಲಿ ಬೆನ್ನುಮೂಳೆ ಆಪರೇಷನ್ ಆದ ಅಜ್ಜಿಯೊಬ್ಬರು ಕಾಲು ಬಡಿಯುತ್ತಿದ್ದರು. ನನ್ನ ಕಡೆ ನೋಡಿದ್ದೂ ಇಲ್ಲ.

ಆರು ವಾರದ ಲೆಕ್ಕ ಒಪ್ಪಿಸುತ್ತೇನೆ: 97 ಇದ್ದದ್ದು 94.6. ಮಧ್ಯದಲ್ಲೊಂದು ವಾರ ಎಂಟುನೂರು ಗ್ರಾಂ ಏರಿತು. ಹೊಸ ವ್ಯಾಯಾಮಕ್ಕೆ ನೊಂದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂದು ಮೊದಲೇ ಹೇಳಿದ್ದರೂ, ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ಎರಡರಷ್ಟು ತಿಂದೆ. ಅದನ್ನೂ ಬರೆದಿಟ್ಟಿದ್ದೇನೆ. ತೊಡೆ ಎರಡು ಸೆಂಟಿಮೀಟರ್ ಮರಳಿ ಬಂದಿದೆ.

ಎರಡು ಕಿಲೋ ನಾನೂರು ಗ್ರಾಂ ಅಂದರೆ ನಿನಗೆ ನಗು ಬರಬಹುದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊಣಕಾಲು ಸವೆದ, ತೂಕ ಹೆಚ್ಚಿದ ವಯಸ್ಸಾದವರನ್ನು ನಡೆಸಿ ಅಳೆದಿದ್ದರು: ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಕಡಿಮೆ. ನನ್ನದು ಬೇರೆ ಬಗೆಯ ಮೊಣಕಾಲು, ಸರಿ. ಆದರೂ ಆ ಲೆಕ್ಕ ಹಿಡಿದರೆ ಒಂದೊಂದು ಹೆಜ್ಜೆಗೆ ಒಂಬತ್ತೂವರೆ ಕಿಲೋ. ಮೊದಲ ದಿನ ನನ್ನನ್ನು ಬೆವರಿಸಿದ್ದು ಹದಿನೈದು ಕಿಲೋ ಅನ್ನುವುದು ನೆನಪಿಟ್ಟುಕೋ.

ಸದ್ಯ ಮೆಟ್ಟಿಲಿನ ಪಾಠ ನಡೆಯುತ್ತಿದೆ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಕಂಬಿಯ ಮೇಲೆ. ನಿನ್ನೆ ಹದಿನೆಂಟು ಹತ್ತಿ ಇಳಿದೆ, ಇಳಿಯುವಾಗಲೇ ಪ್ರಾಣ ಹೋಗುತ್ತದೆ.

ನಿಮ್ಮ ಮನೆ ಎರಡನೇ ಮಹಡಿ ಅಲ್ಲವೇ? ಮೆಟ್ಟಿಲು ಎಷ್ಟಿವೆ ಅಂತ ಒಮ್ಮೆ ಎಣಿಸಿ ಹೇಳು. ಕಂಬಿ ಯಾವ ಕಡೆಗಿದೆ ಅಂತಲೂ. ಎಡಗಡೆ ಇದ್ದರೆ ಹತ್ತಲು ಸುಲಭ, ಆದರೆ ಇಳಿಯುವಾಗ ಅದು ಬಲಕ್ಕೆ ಬರುತ್ತದೆ, ಆಗ ಕೋಲು ಎಡಗೈಗೆ ಹೋಗಬೇಕು, ಅದನ್ನಿನ್ನೂ ಕಲಿತಿಲ್ಲ. ಕಲಿತ ಮೇಲೆ ಬರುತ್ತೇನೆ.

ನಿನ್ನ,
ಪ್ಲೇಟಿನ ಗೆಳೆಯ